ಮೈಲುತುತ್ತ

ಮಂಡಿಪೇಟೆಯ ನನ್ನ ಅಂಗಡಿಗೆ ಬರುವುದೆಲ್ಲ
ಹರಿದ ಲೆಕ್ಕ.
ಕಿರ್ದಿ, ಖಾತೆ, ಸೊಸೈಟಿಯ ರಿಜಿಸ್ಟರು,
ಪರೀಕ್ಷೆ ಹತ್ತಿರ ಬಂದರೆ ಹುಡುಗರ ಗೈಡು.
ಅಬ್ಬಾ ಕಲಿಸಿದ್ದು ಒಂದೇ ಮಾತು:
ಓದಬೇಡ, ದಸ್ತಗೀರ್, ಹೊಲಿ.
ಓದುವವನ ಸೂಜಿ ತಡವಾಗುತ್ತದೆ.

ಆಷಾಢದ ಒಂದು ಮಂಗಳವಾರ
ಜ್ಞಾನಶೀಲಾ ಟೀಚರು ಅಕ್ಕಿಯ ಕೈಚೀಲದಲ್ಲಿ
ಬೆನ್ನು ಮುರಿದ ಉದ್ದ ಪುಸ್ತಕವೊಂದನ್ನು ತಂದರು.
ಅಕ್ಷರವೇ ಇಲ್ಲ. ಐದೈದು ಗೆರೆ,
ಗೆರೆಯ ಮೇಲೆ ಕೂತ, ಜೋತ, ಬಾಲವೆತ್ತಿದ
ಕರಿ ಕಾಳು.
"ಇದೇನ್ ಟೀಚರ್, ಇರುವೆ ಹರದಂಗೈತಲ್ಲ?"
"ಹಾಡು ರೀ. ಚರ್ಚಿನ ಪೆಟ್ಟಿಗೇದು.
ಕಾಲಲ್ಲಿ ಗಾಳಿ ತುಳಿದು ಕೈಯಲ್ಲಿ ನುಡಿಸೋದು."

ಬರೆದವನು ಗಿರಣಿಯ ತೂಕದ ಗುಮಾಸ್ತ,
ಸುವಾರ್ತಪ್ಪ.
ಹೆಸರು ಹಾಳೆಯಲ್ಲೆಲ್ಲೂ ಇಲ್ಲ,
ಟೀಚರ ಬಾಯಲ್ಲಿದೆ ಅಷ್ಟೆ.
ದೊರೆಸಾನಿಯೊಬ್ಬಳು ಊರು ಬಿಡುವ ಮುಂಚೆ
ಹನ್ನೊಂದು ರಾತ್ರಿಗೆ ಕಡ ಕೊಟ್ಟ ನೋಟುಬುಕ್ಕು;
ಅವಳು ಅದನ್ನು ಇಳಿಸಿಕೊಂಡದ್ದು ಅಪ್ಪನದರಿಂದ,
ಅಪ್ಪ ಯಾವುದೋ ಗುಡಿಯ ಕಪಾಟಿನಿಂದ,
ಆ ಕಪಾಟಿಗೆ ಇನ್ನೂ ಮುನ್ನೂರು ವರ್ಷ ಹಿಂದೆ
ಯಾರು ಬರೆದಿಟ್ಟರೋ, ಆ ಚಳಿಯ ದೇಶದಲ್ಲಿ,
ಬೆರಳಿಗೆ ಮೇಣ ತೊಟ್ಟಿಕ್ಕಿಸಿಕೊಂಡು.
ಅಚ್ಚಿನ ಮೊಳೆ ಕಾಣದೆ ಬಂದಿದೆ ಇಷ್ಟು ದೂರ,
ಮನೆಯಿಂದ ಮನೆಗೆ ಹೆಪ್ಪು ಇಸಕೊಂಡ ಹಾಗೆ.

ಕಾಗದ ಗಿರಣಿಯದೇ.
ಮಗುಚಿದರೆ ಬೆನ್ನಿಗೆ ಅಂಡಿಗೆಗಳ ಲೆಕ್ಕ:
ಜಗಳೂರು, ನಲವತ್ತೆರಡು.
ಹರಪನಹಳ್ಳಿ, ಒದ್ದೆ, ವಾಪಸ್ಸು.
ಶಾಯಿ ಈಚೆಗೆ ಇಳಿದು
ಹಾಡಿನ ಹೊಟ್ಟೆಯಲ್ಲಿ ನೆರಳಾಗಿ ಕೂತಿದೆ.
ಯಾವುದು ಸ್ವರ, ಯಾವುದು ಹತ್ತಿ,
ಕರೆಂಟು ಹೋದ ಭಾನುವಾರಗಳಲ್ಲಿ
ಟೀಚರಿಗೂ ತಿಳಿಯುವುದಿಲ್ಲವಂತೆ.

ಹೊಲಿಗೆ ಬಿಚ್ಚಿದೆ.
ಮೈದಾ ಕುದಿಸಿ ಚಿಟಿಕೆ ಮೈಲುತುತ್ತ ಬೆರೆಸಿದೆ,
ಹುಳಕ್ಕೆಂದು, ನೀಲಿ ವಿಷ.
ಆದರೆ ಹುಳ ನನಗಿಂತ ಮೊದಲೇ ಬಂದಿತ್ತು.
ಒಂದನೆಯ ಹಾಡಿಗೆ ಹೊಕ್ಕು
ಇಪ್ಪತ್ತಾರನೆಯದರಲ್ಲಿ ಹೊರಬಿದ್ದಿತ್ತು,
ಎಡಬಲ ನೋಡದೆ ಕೊರೆದ ಒಂದೇ ತೂತು,
ಎಲ್ಲ ಹಾಳೆಯಲ್ಲೂ ಅದೇ ಜಾಗ,
ಕೆಳಗಿನಿಂದ ಎರಡನೆಯ ಗೆರೆಯ ಮೇಲೆ.
ಓದದ ನನಗೂ ಅನಿಸಿತು
ಇದೂ ಒಂದು ಕಾಳು, ಬಿಳಿಯದು.

ಕತ್ತರಿ ಕೈಯಲ್ಲಿತ್ತು. ಫೋನು ಮಾಡಿದೆ.
"ಟೀಚರ್, ತೂತು ಮುಚ್ಚಲಾ?"
ಆಚೆ ಬೀನ್ಸು ಹೆಚ್ಚುವ ಸದ್ದು ನಿಂತಿತು.

"ಏಳನೇದರಲ್ಲಿ ಮಸಿ ಬಿದ್ದ ಚುಕ್ಕಿ ಐತೆ, ನೋಡ್ರಿ.
ಅದು ಸ್ವರ ಅಲ್ಲ.
ದೊರೆಸಾನಿ ಪುಸ್ತಕದಲ್ಲೇ ಬಿದ್ದಿತ್ತೋ,
ಅವಳಪ್ಪನದರಲ್ಲೋ, ಅದಕ್ಕೂ ಹಿಂದೋ.
ಸುವಾರ್ತಪ್ಪ ಅದಕ್ಕೂ ಬಾಲ ಹಚ್ಚಿ ಬರೆದ.
ಮೈಸೂರಿಂದ ಬಂದ ಪಾದ್ರಿ ಕೇಳಿ ಮುಖ ಕಿವುಚಿದರು.
ಎಂಬತ್ತು ವರ್ಷದಿಂದ ನುಡಿಸ್ತಾ ಬಂದೀವಿ.
ನಮ್ಮನೆಯವರನ್ನ ಮಣ್ಣು ಮಾಡಿದ ದಿನಾನೂ ನುಡಿಸಿದೆ.
ಆ ತಪ್ಪು ಬರೋ ತನಕ
ನಂಗೆ ಅಳು ಬಂದಿರಲಿಲ್ಲ."

ಸ್ವಲ್ಪ ತಡೆದು,
"ಹುಳದ್ದು ಮುಚ್ಚಿಬಿಡ್ರಿ.
ಅದಕ್ಕಿನ್ನೂ ನಾವು ಒಗ್ಗಿಲ್ಲ."

ಮುಚ್ಚಿದೆ. ಇಪ್ಪತ್ತಾರೂ.
ಸಾಸಿವೆಯಷ್ಟು ಕಾಗದ, ಉಗುರಿನ ತುದಿಯಲ್ಲಿ.
ಹತ್ತೊಂಬತ್ತನೆಯದಕ್ಕೆ ಬರುವಾಗ
ಭಟ್ಟಿಯ ಹುಡುಗ ಮಂಡಕ್ಕಿ ಚೀಲದ ಚೀಟಿ ಕೇಳಿ ಕೂಗಿದ,
ಕತ್ತೆತ್ತಿದೆ,
ಹೆಬ್ಬೆರಳು ಊರಿತು.
ಒದ್ದೆ ಬಟ್ಟೆಯಲ್ಲಿ ಒರೆಸಿದರೆ
ನೀಲಿ ಇನ್ನೂ ಉದ್ದಕ್ಕೆ ಹರಡಿ
ಬಾಲವನ್ನೂ ಬಿಟ್ಟುಕೊಂಡಿತು.

ತೊಂಬತ್ತು ರೂಪಾಯಿ ಅಂದೆ.
ಟೀಚರು ನೂರು ಕೊಟ್ಟು ಚಿಲ್ಲರೆ ಬೇಡ ಅಂದರು.
ನಾನು ಬಾಯಿ ಬಿಡಲಿಲ್ಲ.

ಭಾನುವಾರ ರಟ್ಟು ತರಲು ಪಿ.ಬಿ. ರಸ್ತೆಯಲ್ಲಿ ಹೋಗುವಾಗ
ಚರ್ಚಿನ ಗೇಟಿನ ಮುಂದೆ
ಸೈಕಲ್ಲಿನಿಂದ ಒಂದು ಕಾಲು ನೆಲಕ್ಕೂರಿ ನಿಂತೆ.
ಒಳಗೆ ಪೆಟ್ಟಿಗೆ ಉಬ್ಬಸದವರ ಹಾಗೆ
ಉಸಿರೆಳೆದುಕೊಂಡು ಸುರು ಮಾಡಿತು.
ಲಾರಿಗಳು ಹೋದವು, ಮಧ್ಯೆ ಮಧ್ಯೆ ಕೇಳಿತು.
ಅವತ್ತು ಹತ್ತೊಂಬತ್ತನೆಯದು ಬರಲಿಲ್ಲ ಅಂತ ಕಾಣುತ್ತೆ.
ಬಂದಿದ್ದರೂ
ನನಗೆ ಗೊತ್ತಾಗುವುದು ಹೇಗೆ.